ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುಂಚೆಯೇ ಕೇಳಿ

ಪ್ರಶ್ನೆ: ಮೇಡಂ, ನಾವು ಸಕಲೇಶಪುರ ತಾಲೂಕಿನವರು. ಅಪ್ಪನಿಗೆ 67 ವರ್ಷ. ಹದಿಮೂರು ದಿನದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲಿಗೆ ಸ್ವಾಧೀನ ಇಲ್ಲ, ಮಾತು ಸರಿಯಾಗಿ ಹೊರಡುವುದಿಲ್ಲ. ಹಾಸನದಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೇವೆ. ಮೂಗಿಗೆ ಊಟದ ಪೈಪ್, ಮೂತ್ರಕ್ಕೊಂದು ಪೈಪ್ ಹಾಕಿದ್ದಾರೆ. ಸೋಮವಾರ ಮನೆಗೆ ಕರ್ಕೊಂಡು ಹೋಗಿ ಎಂದಿದ್ದಾರೆ. ಅಮ್ಮ ಇಲ್ಲ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸೋಣ ಅನ್ನುತ್ತಾನೆ. ನಾನು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುವವಳು, ರಜೆ ಮುಗಿಯುತ್ತಾ ಬಂತು. ಬಿಪಿಎಲ್ ಕಾರ್ಡ್ ಇದೆ. ಯಾರ ಹತ್ತಿರ ಏನು ಕೇಳಬೇಕೋ ಒಂದೂ ಗೊತ್ತಾಗುತ್ತಿಲ್ಲ. ಮೊನ್ನೆ ರಾತ್ರಿ ಅಪ್ಪನ ಮೇಲೆ ರೇಗಿಬಿಟ್ಟೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ.

ಉತ್ತರ:

ತಂಗಿ, ಮೊದಲು ಆ ಮೆಟ್ಟಿಲ ವಿಷಯ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ, ಆ ಮೆಟ್ಟಿಲ ಮೇಲೆ ಕೂತು ಅಳದೇ ಇರುವ ಹೆಣ್ಣುಮಕ್ಕಳನ್ನು ನಾನು ಕಂಡಿದ್ದು ಕಮ್ಮಿ. ಹದಿಮೂರು ರಾತ್ರಿ ಮಂಚದ ಪಕ್ಕ ನೆಲದಲ್ಲಿ ಚಾಪೆ ಹಾಸಿಕೊಂಡು, ಡ್ರಿಪ್ ಖಾಲಿಯಾಯ್ತಾ ಅಂತ ಎದ್ದೆದ್ದು ನೋಡಿದವರಿಗೆ ಸಿಟ್ಟು ಬರುವುದು ಸಹಜ. ಅಪ್ಪನ ಮೇಲೆ ಪ್ರೀತಿ ಕಮ್ಮಿಯಾಗಿ ಬಂದ ಸಿಟ್ಟಲ್ಲ ಅದು, ನಿದ್ದೆ ಇಲ್ಲದ್ದಕ್ಕೆ ಬಂದದ್ದು. ಅದರ ಬಗ್ಗೆ ಮತ್ತೆ ಬರೆಯುತ್ತೇನೆ.

ಇವತ್ತು ಬುಧವಾರ. ಸೋಮವಾರಕ್ಕೆ ಐದು ದಿನ ಇದೆ. ಈ ಐದು ದಿನ ತುಂಬಾ ಬೆಲೆಯದ್ದು. ಆಸ್ಪತ್ರೆಯಲ್ಲಿ ಇರುವಷ್ಟು ದಿನ ನರ್ಸ್ ಇದ್ದಾರೆ, ಡಾಕ್ಟರ್ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಚೀಟಿ ತಗೊಂಡು ಗೇಟು ದಾಟಿದ ಮೇಲೆ ಅದೇ ಪ್ರಶ್ನೆ ಕೇಳಲು ಸಕಲೇಶಪುರದಿಂದ ನಲವತ್ತು ಕಿಲೋಮೀಟರ್ ವಾಪಸ್ ಬರಬೇಕು. ಇದನ್ನು ನಾನು ಓದಿ ತಿಳಿದಿದ್ದಲ್ಲ. ನಮ್ಮಮ್ಮನಿಗೆ ಸೊಂಟದ ಮೂಳೆ ಮುರಿದಾಗ ಒಂದು ಖಾಸಗಿ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಮಾತ್ರೆ ಬರೆದುಕೊಟ್ಟರು, ಬಿಲ್ ಕೊಟ್ಟರು, ಮಗ್ಗುಲು ಹೇಗೆ ಬದಲಿಸಬೇಕು ಅಂತ ಒಬ್ಬರೂ ತೋರಿಸಲಿಲ್ಲ. ಆಗ ನನಗೂ ಚಿಕ್ಕ ವಯಸ್ಸು, ಈ ಕೆಲಸಕ್ಕೆ ಬಂದಿರಲಿಲ್ಲ. ಒಂಬತ್ತನೇ ದಿನ ಸೀರೆ ಬದಲಿಸುವಾಗ ನೋಡಿದರೆ ಬೆನ್ನ ಕೆಳಗೆ, ಬಾಲಮೂಳೆ ಹತ್ತಿರ, ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕಪ್ಪಾಗಿತ್ತು. ಆ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಎರಡು ದಿನ ಯಾರಾದರೂ ಕೈ ಹಿಡಿದು ಹೇಳಿಕೊಟ್ಟಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಹಾಗಾಗಿ ನಾಳೆಯಿಂದ ಊಟದ ಪೈಪಿನ ಕೆಲಸ ನೀವೇ ಮಾಡಿ, ನರ್ಸ್ ಪಕ್ಕದಲ್ಲಿ ನಿಂತು ನೋಡಲಿ. 'ಸಿಸ್ಟರ್, ಇವತ್ತು ನಾನು ಹಾಕ್ತೀನಿ, ತಪ್ಪಾದರೆ ಹೇಳಿ' ಎಂದು ಕೇಳಿ. ಎಷ್ಟೇ ಕೆಲಸ ಇದ್ದರೂ ಈ ಮಾತಿಗೆ ಇಲ್ಲ ಅನ್ನುವವರು ಅಪರೂಪ. ಮಂಚದ ತಲೆ ಕಡೆ ಎತ್ತಿ ಅಪ್ಪನನ್ನು ಅರ್ಧ ಕೂತ ಹಾಗೆ ಮಾಡಿ. ಪೈಪಿನ ಮೇಲಿರುವ ಗುರುತು ಮೂಗಿನ ಹತ್ತಿರ ಇದ್ದ ಜಾಗದಲ್ಲೇ ಇದೆಯಾ ನೋಡಿ, ಜಾರಿ ಹೊರಗೆ ಬಂದಿದ್ದರೆ ಒಂದು ತೊಟ್ಟೂ ಹಾಕಬೇಡಿ, ಸಿಸ್ಟರನ್ನು ಕರೆಯಿರಿ. ಮೊದಲು ಸ್ವಲ್ಪ ನೀರು. ಆಮೇಲೆ ಸೋಸಿದ ಗಂಜಿ, ಉಗುರು ಬೆಚ್ಚಗೆ. ಸಿರಿಂಜಿನ ಹಿಂದಿನ ಕಡ್ಡಿ ತೆಗೆದು ಆಲಿಕೆ ಥರ ಹಿಡಿದುಕೊಳ್ಳಿ, ತಾನಾಗಿ ಇಳಿಯಲಿ, ಒತ್ತಿ ತಳ್ಳಬೇಡಿ. ಕೊನೆಗೆ ಮತ್ತೆ ನೀರು ಹಾಕಿ ಪೈಪ್ ತೊಳೆದು ಮುಚ್ಚಿ. ಮುಗಿದ ಮೇಲೂ ಮುಕ್ಕಾಲು ಗಂಟೆಯಾದರೂ ಅವರು ಹಾಗೇ ಒರಗಿರಬೇಕು. ನಡುವೆ ಕೆಮ್ಮು ಬಂದರೆ, ಉಸಿರು ಕಟ್ಟಿದ ಹಾಗಾದರೆ ಅಲ್ಲಿಗೇ ನಿಲ್ಲಿಸಿ. ಒಂದು ಸಲಕ್ಕೆ ಎಷ್ಟು, ಎಷ್ಟು ಗಂಟೆಗೊಮ್ಮೆ, ರಾಗಿ ಗಂಜಿ ಹಾಕಬಹುದಾ, ಯಾವ ಮಾತ್ರೆ ಪುಡಿ ಮಾಡಬಹುದು ಯಾವುದು ಕೂಡದು, ಇದೆಲ್ಲ ಅಲ್ಲೇ ಬರೆಸಿಕೊಳ್ಳಿ. ಕೆಲವು ಮಾತ್ರೆ ಪುಡಿ ಮಾಡಿದರೆ ಕೆಟ್ಟದ್ದೇ ಆಗುತ್ತದೆ.

ಪೈಪ್ ಇರುವವರೆಗೆ, ಡಾಕ್ಟರ್ ಹೇಳದೆ, ಬಾಯಿಗೆ ಏನೂ ಹಾಕಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಬಾಗಿಲಿಗೆ ಅಂಟಿಸಿದರೂ ಸರಿಯೇ. ಯಾಕೆಂದರೆ ನೋಡಲು ಬರುವ ನೆಂಟರು ಸುಮ್ನೆ ಇರುವುದಿಲ್ಲ. ಧರ್ಮಸ್ಥಳದ ತೀರ್ಥ ಒಂದು ಉದ್ಧರಣೆ, ಪಾಪ ಕಾಫಿ ಅಂದರೆ ಪ್ರಾಣ ಅಂತ ಒಂದು ಚಮಚ ಕಾಫಿ. ಲಕ್ವ ಆದವರಿಗೆ ನುಂಗುವ ಶಕ್ತಿ ಕಮ್ಮಿಯಾಗಿರುತ್ತದೆ, ಆ ಚಮಚ ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತೀರ್ಥವನ್ನು ಹಣೆಗೆ ಹಚ್ಚಲಿ, ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ. ಎಡಕ್ಕೆ, ಅಂಗಾತ, ಬಲಕ್ಕೆ. ಅಪ್ಪನ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಒಬ್ಬರೇ ಇದ್ದರೂ ಅದೇ ಪಂಚೆ ಎಳೆದು ಹೊರಳಿಸುವುದು ಹೇಗೆ ಅಂತ ಫಿಸಿಯೋ ತೋರಿಸುತ್ತಾರೆ. ಸ್ವಾಧೀನ ಇಲ್ಲದ ಬಲಗೈ ಹಿಡಿದು ಮಾತ್ರ ಯಾವ ಕಾರಣಕ್ಕೂ ಎಳೆಯಬೇಡಿ. ಭುಜದ ಕೀಲು ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ, ಆ ನೋವು ವರ್ಷಗಟ್ಟಲೆ ಇರುತ್ತದೆ. ದಿನಕ್ಕೊಂದು ಸಲ ಬಾಲಮೂಳೆ, ಸೊಂಟ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಗೇ ಇದ್ದರೆ ಹುಣ್ಣು ಶುರುವಾಯಿತು ಅಂತ ಅರ್ಥ. ಅಲ್ಲಿ ತಿಕ್ಕಬೇಡಿ, ಆ ಕಡೆ ಮಲಗಿಸಬೇಡಿ. ಗಾಳಿ ಹಾಸಿಗೆ ಸಿಕ್ಕರೆ ಒಳ್ಳೆಯದು, ಆದರೆ ಅದು ಇದೆ ಅಂತ ಹೊರಳಿಸುವುದನ್ನು ಬಿಡುವ ಹಾಗಿಲ್ಲ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ವಾಹನಕ್ಕೆ ಹತ್ತಿಸುವಾಗ ಅದನ್ನು ಹೊಟ್ಟೆ ಮೇಲೆ ಇಟ್ಟುಬಿಡುತ್ತಾರೆ, ನೋಡಿಕೊಳ್ಳಿ.

ನಿಮ್ಮ ಕಡೆ ಮಳೆಗಾಲ ಅಂದರೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಣಗದ ಬಟ್ಟೆ, ಥಂಡಿ ಹಿಡಿದ ಹಾಸಿಗೆ, ಎರಡೂ ಚರ್ಮಕ್ಕೆ ಶತ್ರು. ಹಾಸುವ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ, ಬಚ್ಚಲ ಒಲೆ ಹತ್ತಿರ ಒಂದು ಹಗ್ಗ ಕಟ್ಟಿ. ದುಬಾರಿ ಆಸ್ಪತ್ರೆ ಮಂಚ ಈಗಲೇ ಕೊಳ್ಳಬೇಡಿ. ಇರುವ ಮಂಚದ ತಲೆ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟು, ಬೆನ್ನಿಗೆ ಗಟ್ಟಿ ದಿಂಬು ಒತ್ತರಿಸಿದರೆ ಸದ್ಯಕ್ಕೆ ಸಾಕು.

ಇನ್ನು ಅಣ್ಣನ ಮಾತು. ಅವನದ್ದು ಕೆಟ್ಟ ಉದ್ದೇಶ ಅಲ್ಲ, ದೂರ ಇರುವವರಿಗೆ ಏನಾದರೂ ಮಾಡಬೇಕು ಅನಿಸುತ್ತದೆ, ಕೈಗೆ ಎಟಕುವುದು ದೊಡ್ಡ ಆಸ್ಪತ್ರೆ ಅನ್ನುವ ಮಾತೊಂದೇ. ನಾನು ಡಾಕ್ಟರ್ ಅಲ್ಲ, ಬೇಕೋ ಬೇಡವೋ ಹೇಳಲಾರೆ. ಆದರೆ ನಾಳೆ ರೌಂಡ್ಸ್‌ಗೆ ಬಂದ ಡಾಕ್ಟರನ್ನು, ಫೋನಿನಲ್ಲಿ ಅಣ್ಣನನ್ನು ಇಟ್ಟುಕೊಂಡೇ, ಒಂದು ಪ್ರಶ್ನೆ ಕೇಳಿ: 'ಇಲ್ಲಿ ಸಿಗದೇ ಇರುವ ಯಾವ ಚಿಕಿತ್ಸೆ ಅಲ್ಲಿ ಸಿಗುತ್ತದೆ ಸರ್?' ಇದೆ ಎಂದರೆ ಅಲ್ಲಿಗೆ ಕಳಿಸುತ್ತಿದ್ದೇವೆ ಅನ್ನುವ ರೆಫರಲ್ ಪತ್ರ ಬರೆಸಿಕೊಳ್ಳಿ. ಇಲ್ಲ ಎಂದರೆ ಈಗ ಅಪ್ಪನಿಗೆ ಬೇಕಾದ್ದು ಆರೈಕೆ ಮತ್ತು ಫಿಸಿಯೋಥೆರಪಿ, ಅದು ಕಟ್ಟಡ ದೊಡ್ಡದಾದರೆ ಹೆಚ್ಚುವುದಿಲ್ಲ.

ರೆಫರಲ್ ಯಾಕೆ ಅಷ್ಟು ಮುಖ್ಯ ಅಂದರೆ, ದುಡ್ಡಿನ ಲೆಕ್ಕ ನಿಂತಿರುವುದೇ ಅದರ ಮೇಲೆ. 2018ರಿಂದ ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನವರಿಗೆ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಕೊಟ್ಟರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪ್ರಾಣಕ್ಕೆ ಬಂದ ತುರ್ತಾದರೆ ರೆಫರಲ್ ಇಲ್ಲದೆಯೂ ಸೇರಿಸಿಕೊಳ್ಳುತ್ತಾರೆ. ತುರ್ತು ಕಳೆದ ಮೇಲೆ, ನಾವೇ ಆಂಬುಲೆನ್ಸ್ ಮಾಡಿಕೊಂಡು ಹೋಗಿ ಸೇರಿಸಿದರೆ ಬಿಲ್ ನಮ್ಮ ತಲೆ ಮೇಲೆ ಬರುತ್ತದೆ. ಎಷ್ಟೋ ಜನ ಕಾಫಿ ತೋಟದ ಕೂಲಿ ದುಡ್ಡಿಗೆ ಮುಂಗಡ ತಗೊಂಡು, ಒಡವೆ ಅಡ ಇಟ್ಟು, ಆಮೇಲೆ ಬಂದು ಕಾರ್ಡ್ ತೋರಿಸುತ್ತಾರೆ. ಆಗ ಏನೂ ಮಾಡಲು ಆಗುವುದಿಲ್ಲ. ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ಲಿಂಗ್ ಕೌಂಟರಿಗೆ ಹೋಗುವ ಮೊದಲು ಅವರ ಹತ್ತಿರ ಹೋಗಿ, ರೇಷನ್ ಕಾರ್ಡ್, ಆಧಾರ್ ಎರಡೂ ಹಿಡಿದುಕೊಂಡು. ಅವರು ಸಿಗಲಿಲ್ಲ ಅಂದರೆ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ ಕೇಳಬಹುದು.

ಇನ್ನೊಂದು ನಿಮಗೆ ಯಾರೂ ಹೇಳಿರುವುದಿಲ್ಲ ಅನಿಸುತ್ತದೆ. ನೀವು ಗಾರ್ಮೆಂಟ್ಸ್ ಅಂದಿರಿ ಅಲ್ವಾ, ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ ಅಂತ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ, ಶೇಕಡಾ 0.75 ಕಡಿತ ಇದ್ದರೆ, ಅದರಲ್ಲಿ ನಿಮ್ಮನ್ನು ನಂಬಿಕೊಂಡಿರುವ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ, ಅವರ ಸ್ವಂತ ಆದಾಯ ತಿಂಗಳಿಗೆ 9,000 ದಾಟಿರಬಾರದು ಅಷ್ಟೇ. ಅಪ್ಪನ ಹೆಸರು ಸೇರಿದೆಯಾ ಅಂತ ಫ್ಯಾಕ್ಟರಿಯ ಎಚ್‌ಆರ್ ಹತ್ತಿರ ಕೇಳಿ, ಇಲ್ಲದಿದ್ದರೆ ಸೇರಿಸಲು ಬರೆದುಕೊಡಿ. ಹೆಣ್ಣುಮಕ್ಕಳು ತಮ್ಮ ಕಾರ್ಡಿಗೆ ಅಪ್ಪ ಅಮ್ಮನನ್ನು ಸೇರಿಸಬಹುದು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಹಾಲಿನ ಡೈರಿಗೋ ಬೇರೆ ಸಹಕಾರ ಸಂಘಕ್ಕೋ ಅಪ್ಪ ಸದಸ್ಯರಾಗಿದ್ದರೆ ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಮಾಡಿಸಿದ್ದಾರಾ ಅಂತಲೂ ಸಂಘದ ಕಾರ್ಯದರ್ಶಿಯನ್ನು ಕೇಳಿ. ಅದರ ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ, ಈಗ ಇಲ್ಲದಿದ್ದರೆ ಮುಂದಿನ ಸಲಕ್ಕೆ ತಪ್ಪಿಸಬೇಡಿ.

ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ಸಮ್ಮರಿಯನ್ನು ಒಮ್ಮೆ ಡಾಕ್ಟರಿಂದಲೋ ಸಿಸ್ಟರಿಂದಲೋ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಯಾವ ಮಾತ್ರೆ ಯಾವುದಕ್ಕೆ, ಯಾವುದನ್ನು ಒಂದು ದಿನವೂ ಬಿಡಬಾರದು, ಎರಡು ಪೈಪುಗಳನ್ನು ಯಾವಾಗ ಎಲ್ಲಿ ಬದಲಿಸಬೇಕು, ನುಂಗುವುದನ್ನು ಮತ್ತೆ ಪರೀಕ್ಷೆ ಮಾಡುವುದು ಯಾವತ್ತು, ಮುಂದಿನ ಓಪಿಡಿ ಯಾವ ವಾರ. ಸ್ಕ್ಯಾನ್ ಫಿಲಂ, ರಿಪೋರ್ಟು, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಪ್ರತಿ ಹಾಳೆಯ ಫೋಟೋ ತೆಗೆದು ಅಣ್ಣನ ಫೋನಿಗೂ ಕಳಿಸಿ. ಮುಂದೆ ಯಾವಾಗಲಾದರೂ ದಾಖಲೆಗಳ ಪ್ರತಿ ಬೇಕಾಗಿ ಬರೆದುಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ ವೈದ್ಯರಿಗೆ 2002ರಿಂದಲೇ ಇದೆ. ನೀವು ಮನೆ ಸಿದ್ಧ ಆಗಿಲ್ಲ, ಪೈಪಿನ ಕೆಲಸ ಇನ್ನೂ ಬರುವುದಿಲ್ಲ ಅನಿಸಿದರೆ ಅದನ್ನೇ ಹೇಳಿ ಎರಡು ದಿನ ಹೆಚ್ಚು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಹಾಗೆಯೇ ಯಾರಾದರೂ ಅವಸರ ಮಾಡಿ 'ವೈದ್ಯರ ಸಲಹೆ ಮೀರಿ ನಮ್ಮ ಇಷ್ಟದಿಂದ ಹೋಗುತ್ತಿದ್ದೇವೆ' ಅನ್ನುವ ಹಾಳೆ ಮುಂದಿಟ್ಟರೆ, ಓದದೆ ಸಹಿ ಹಾಕಬೇಡಿ.

ವಾಹನ ಭಾನುವಾರವೇ ಗೊತ್ತು ಮಾಡಿಡಿ. 108 ಇರುವುದು ತುರ್ತಿಗೆ, ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡಲು ಅಲ್ಲ.

ಊರಿಗೆ ಹೋದ ಮೇಲೆ ನೀವು ಒಬ್ಬರೇ ಅಲ್ಲ, ಆದರೆ ನೀವೇ ಹೋಗಿ ಹೇಳಬೇಕು. ಈ ವಾರವೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಅಪ್ಪ ಸೋಮವಾರ ಬರುತ್ತಾರೆ, ಎರಡು ಪೈಪ್ ಇದೆ ಅಂತ ತಿಳಿಸಿ. ಅವರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಸಿಸ್ಟರಿಗೆ ವಿಷಯ ಮುಟ್ಟಲಿ. ಬಿಪಿ, ಶುಗರ್ ಮಾತ್ರೆ ಅಲ್ಲಿ ಉಚಿತ. ಪೈಪ್ ಬದಲಿಸಲು ಪ್ರತಿ ಸಲ ಹಾಸನಕ್ಕೆ ಬರಬೇಕಾ, ಅಲ್ಲೇ ಆಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಎರಡನೆಯವರು, ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ಅಂಗವಿಕಲರಿಗೆ ಸಿಗುವ ಸೌಲಭ್ಯಗಳ ಕೆಲಸ ಅವರದ್ದು, ಅವರು ಇದ್ದಾರೆ ಅನ್ನುವುದೇ ಅರ್ಧ ಊರಿಗೆ ಗೊತ್ತಿರುವುದಿಲ್ಲ. ಲಕ್ವದ ನಂತರ ಸಾಮಾನ್ಯವಾಗಿ ಆರು ತಿಂಗಳು ಕಾದು, ಎಷ್ಟು ಚೇತರಿಕೆ ಆಯಿತು ನೋಡಿ, ಅಂಗವಿಕಲತೆಯ ಪ್ರಮಾಣ ಅಳೆಯುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮೇಲೆ ಮಾಸಾಶನಕ್ಕೆ, ಗಾಲಿಕುರ್ಚಿಗೆ ಅರ್ಜಿ ಹಾಕಬಹುದು. ಪಂಚಾಯಿತಿಯ ಸ್ವಂತ ದುಡ್ಡಿನಲ್ಲಿ ಶೇಕಡಾ 5 ಅಂಗವಿಕಲರಿಗೇ ಮೀಸಲು ಇಡಬೇಕು. ಮನೆ ಮೆಟ್ಟಿಲಿಗೆ ಇಳಿಜಾರು, ಕಮೋಡ್ ಕುರ್ಚಿ ಥರದ್ದಕ್ಕೆ ಅಲ್ಲಿ ಅರ್ಜಿ ಕೊಟ್ಟು ನೋಡಿ. ಬಾಯಲ್ಲಿ ಹೇಳಬೇಡಿ, ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ.

ಆ ಆರು ತಿಂಗಳು ಸುಮ್ಮನೆ ಕಾಯುವುದಲ್ಲ ಮತ್ತೆ. ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಹೆಚ್ಚು, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ದಿನಾ ಆಗಬೇಕು. ಲಕ್ವಕ್ಕೆ ನಾಟಿ ಔಷಧಿ ಕೊಡುವ ಕಡೆಗೆ ಯಾರಾದರೂ ಕರೆದೇ ಕರೆಯುತ್ತಾರೆ. ಎಣ್ಣೆ ಹಚ್ಚಿಕೊಳ್ಳಲಿ ಬೇಕಾದರೆ. ಆದರೆ ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ನಿಲ್ಲಿಸಿ ಬನ್ನಿ ಅಂದರೆ ಅಲ್ಲಿಗೆ ಹೋಗಬೇಡಿ. ನಿಲ್ಲಿಸಿದವರು ಎರಡನೇ ಸಲ ಲಕ್ವ ಹೊಡೆದು ಬಂದಿದ್ದನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ಮುಖ ಸೊಟ್ಟಗಾದರೆ, ಕೈ ಕೆಳಗೆ ಬಿದ್ದರೆ, ಮಾತು ಇನ್ನೂ ತೊದಲಿದರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಅಪ್ಪ ಮಾತಾಡಲು ಆಗದೆ ಸಿಟ್ಟಾಗಬಹುದು, ಸಣ್ಣದಕ್ಕೂ ಅಳಬಹುದು. ಲಕ್ವ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧಿ ಇದೆ, ಓಪಿಡಿಗೆ ಹೋದಾಗ ಹೇಳಿ. ಮಾತು ಬರದಿದ್ದರೂ ನಾವು ಹೇಳಿದ್ದು ಎಷ್ಟೋ ಅರ್ಥವಾಗುತ್ತಿರುತ್ತದೆ. ಅವರ ಮುಂದೆ ನಿಂತು 'ಇನ್ನು ಇವರ ಕತೆ ಇಷ್ಟೇ' ಅನ್ನುವ ನೆಂಟರನ್ನು ಹೊರಗೆ ಕರ್ಕೊಂಡು ಹೋಗಿ. ಹೌದು ಅನ್ನಲು ಎಡಗೈಯಿಂದ ನಿಮ್ಮ ಬೆರಳು ಒಂದು ಸಲ ಒತ್ತಲಿ, ಇಲ್ಲ ಅನ್ನಲು ಎರಡು ಸಲ. 'ಏನು ಬೇಕಪ್ಪಾ' ಅನ್ನುವ ಬದಲು 'ಚಳಿ ಆಗ್ತಿದೆಯಾ?' ಅಂತ ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕೊಡಿ.

ಈಗ ನಿಮ್ಮ ವಿಷಯ. ರೋಗಿಯನ್ನು ನೋಡಿಕೊಳ್ಳುವವರ ಊಟ ನಿದ್ದೆ ಬಗ್ಗೆ ಆಸ್ಪತ್ರೆಯ ಯಾವ ಹಾಳೆಯಲ್ಲೂ ಬರೆದಿರುವುದಿಲ್ಲ, ನನಗೆ ಅದು ಇವತ್ತಿಗೂ ಬೇಜಾರಿನ ವಿಷಯ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ, ರೋಗಿಯ ಬ್ರೆಡ್ಡಿನಲ್ಲಿ ಉಳಿದದ್ದು ತಿಂದು ದಿನ ತಳ್ಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಚಿಕ್ಕಮ್ಮ, ಅತ್ತೆ, ಸೋದರಿಕೆಯಲ್ಲಿ ಯಾರಿದ್ದಾರೋ ಅವರನ್ನು ಸರದಿಗೆ ಕರೆಯಿರಿ. ಕರೆಯುವಾಗ 'ಬಂದು ಹೋಗಿ' ಅನ್ನಬೇಡಿ, ಬಂದು ಹಣ್ಣು ಕೊಟ್ಟು ಹೋಗುತ್ತಾರೆ. 'ಚಿಕ್ಕಮ್ಮ, ಶುಕ್ರವಾರ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ನೀವು ಇರಿ' ಅನ್ನಿ. ಹೀಗೆ ಕೇಳಿದರೆ ಬರುತ್ತಾರೆ. ಇಪ್ಪತ್ತು ಜನರ ಫೋನಿಗೆ ಇಪ್ಪತ್ತು ಸಲ ಅದನ್ನೇ ಹೇಳಬೇಡಿ. ಸಂಜೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ, ಉಳಿದವರಿಗೆ ಅಣ್ಣ ಉತ್ತರ ಕೊಡಲಿ.

ಮನಸ್ಸಿಗೆ ತಡೆಯಲಾಗದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಲ್ಲ ಅದು. ಮೆಟ್ಟಿಲ ಮೇಲೆ ಕೂತಿದ್ದಿರಲ್ಲ, ಅಂಥ ಹೊತ್ತಿಗೇ ಇರುವುದು.

ಕೆಲಸ ಬಿಡುವ ಯೋಚನೆ ಈಗಲೇ ಮಾಡಬೇಡಿ. ನಿಮ್ಮ ಇಎಸ್‌ಐ ನಿಂತಿರುವುದು ಆ ಕೆಲಸದ ಮೇಲೆ. ಎಷ್ಟು ಗಳಿಕೆ ರಜೆ ಉಳಿದಿದೆ ಕೇಳಿ, ಸಂಬಳವಿಲ್ಲದ ರಜೆಗಾದರೂ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಇಟ್ಟು ಬರವಣಿಗೆಯಲ್ಲೇ ಕೇಳಿ. ಆಮೇಲಿನ ವ್ಯವಸ್ಥೆಯನ್ನು ನೀವು, ಅಣ್ಣ ಇಬ್ಬರೂ ಕೂತು ಮಾತಾಡಬೇಕು. ಹಗಲು ಹೊತ್ತಿಗೆ ಊರಿನ ಯಾರನ್ನಾದರೂ ಇಟ್ಟುಕೊಂಡರೆ ಅವರ ಕೂಲಿ ಯಾರು ಕೊಡುತ್ತಾರೆ ಅನ್ನುವುದೂ ಆ ಮಾತಿನಲ್ಲೇ ಬರಲಿ. ಅಪ್ಪ ಇಬ್ಬರಿಗೂ ಅಪ್ಪ ಅಲ್ವಾ.

ಅಣ್ಣನಿಗೆ ಇದನ್ನೇ ಕಳಿಸಿ ಓದಿಸಿ. ಶನಿವಾರ ರಾತ್ರಿ ಬಸ್ ಹತ್ತಿ ಬರಲಿ. ಭಾನುವಾರ ಬೆಳಿಗ್ಗೆ ಗಂಜಿ ಹಾಕುವುದನ್ನು, ಮಗ್ಗುಲು ಬದಲಿಸುವುದನ್ನು ನೀವೇ ಅವನಿಗೆ ಒಂದು ಸಲ ತೋರಿಸಿ, ಎರಡನೇ ಸಲ ಅವನೇ ಮಾಡಲಿ. ಆಮೇಲೆ ನೀವು ರೂಮಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಫೋನನ್ನು ದೂರ ಇಟ್ಟು ಸಂಜೆವರೆಗೆ ಮಲಗಿ.